ನೊಗೆ ಹಲಗೆಯ ಪೆಟ್ಟಿಗೆ

ಮಾಯಿಲಪ್ಪಜ್ಜ ಸಿಗಾರನ್ನು ಮೂಗಿನ ಕೆಳಗೆ ಹಿಡಿದು ಮೂಸಿದರು. ಮತ್ತೊಮ್ಮೆ ಮೂಸಿದರು. ಬೆಂಕಿಕಡ್ಡಿ ಹಿಡಿದಿದ್ದ ಬಲಗೈ ಹಾಗೇ ನಿಂತಿತು.

“ಇದು ಸೇದುವಂಥದ್ದಲ್ಲ,” ಎಂದರು. “ದೇವರ ಕೋಣೆಯಲ್ಲಿ ಹಚ್ಚಿಡುವಂಥದ್ದು.”

ಜಗಲಿಯಲ್ಲಿ ಯಾರೂ ನಗಲಿಲ್ಲ. ಶ್ವೇತ ಅಜ್ಜನ ಕೈಯಿಂದ ಅದನ್ನು ತೆಗೆದುಕೊಂಡು ತಾನೂ ಮೂಸಿದಳು. ಪೆಟ್ಟಿಗೆಯೊಳಗಿಂದ ಇನ್ನೊಂದು ತೆಗೆದಳು. ಮತ್ತೊಂದು. ಎಲ್ಲದರಲ್ಲೂ ಅದೇ ವಾಸನೆ—ಧೂಪ. ಹೊಗೆಸೊಪ್ಪಿನ ವಾಸನೆ ಎಲ್ಲೋ ಅಡಿಯಲ್ಲಿ ಉಸಿರು ಕಟ್ಟಿ ಕೂತಂತಿತ್ತು. ಅವಳ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಬದ ಪಕ್ಕದಿಂದ ನೋಡಿದೆ. ಅಯ್ಯೋ ಅನ್ನಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಹೊಸ ಭತ್ತದ ಹಬ್ಬ ಹುತ್ತರಿಯ ಮರುದಿನ ಬೆಳಿಗ್ಗೆ ಅದು. ಮಾದಾಪುರದಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವಿನ ಶ್ವೇತಳ ಮನೆ. ನಾನೂ ದೊಡ್ಡಮ್ಮನೂ ಹಬ್ಬಕ್ಕೆಂದು ಹಿಂದಿನ ದಿನವೇ ಬಂದಿದ್ದೆವು. ದೊಡ್ಡಮ್ಮ ಎಂದರೆ ಸುಮಿತ್ರಮ್ಮ. ಮಡಿಕೇರಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಅಲ್ಲಿ ಏನು ಕಳೆದರೂ—ಹಾಸ್ಟೆಲಿನ ಉಂಗುರವಾಗಲಿ, ಲ್ಯಾಬಿನ ಮೈಕ್ರೊಸ್ಕೋಪಾಗಲಿ—ಪ್ರಿನ್ಸಿಪಾಲರು ಮೊದಲು ಕರೆಯುತ್ತಿದ್ದದ್ದು ಅವರನ್ನೇ. ಶ್ವೇತ, ನಾನು ಇಬ್ಬರೂ ಅವರ ವಿದ್ಯಾರ್ಥಿನಿಯರು. ಅವಳಿಗೆ ಅವರು ಮೇಡಂ, ನನಗೆ ದೊಡ್ಡಮ್ಮ. ಆದರೂ ತರಗತಿಯಲ್ಲಿ ಪ್ರಶ್ನೆ ಕೇಳಿದಾಗ ಅವರ ಕಣ್ಣು ಮೊದಲು ಹೋಗುತ್ತಿದ್ದದ್ದು ಶ್ವೇತಳ ಬೆಂಚಿಗೆ.

ಮೇಜಿನ ಮೇಲೆ ಎರಡು ಪೆಟ್ಟಿಗೆಗಳಿದ್ದವು. ಒಂದು ಶ್ವೇತಳದ್ದು. ಇನ್ನೊಂದು ಅವಳ ಚಿಕ್ಕಪ್ಪನ ಮಗ ದೀಕ್ಷಿತನದ್ದು. ಅವನಿಗೆ ಸಿದ್ದಾಪುರದಲ್ಲಿ ಫರ್ನಿಚರ್ ಅಂಗಡಿ ಇದೆ. ಹೊರಗಿನಿಂದ ಎರಡೂ ಒಂದೇ ಅಳತೆ, ಒಂದೇ ಬಣ್ಣ. ವ್ಯತ್ಯಾಸ ಒಳಗಿನ ಹಲಗೆಯಲ್ಲಿ. ಸಿಗಾರ್ ಪೆಟ್ಟಿಗೆಗೆ ಹೊರಗಿನ ಮರ ಬರೀ ಅಂಗಿ, ಒಳಗಿನ ಮರವೇ ಮೈ ಎಂದು ಅಜ್ಜ ಹೇಳುತ್ತಿದ್ದರು. ಚುಟ್ಟ ಆ ಮೈಗೆ ಒರಗಿ ಮಲಗಿಯೇ ಹಣ್ಣಾಗಬೇಕು. ಅದಕ್ಕೆ ಬಣ್ಣ, ಪಾಲಿಶ್, ಅಂಟು ಯಾವುದೂ ತಗಲಬಾರದು. ಹಾಗಾಗಿ ಒಳಗಿನ ತೆಳು ಹಲಗೆಗಳನ್ನು ಮೊಳೆ ಹೊಡೆಯದೆ ಬಿಗಿಯಾಗಿ ಕೂರಿಸಿರುತ್ತಾರೆ.

ಶ್ವೇತ ಈ ಹುಚ್ಚಿಗೆ ಬಿದ್ದದ್ದು ಜಾಮ್ ಬಾಟಲಿಗಳಿಂದ. ಒಂದೊಂದು ಬಾಟಲಿಯಲ್ಲಿ ಒಂದೊಂದು ಜಾತಿಯ ಮರದ ಚೂರು, ಜೊತೆಗೆ ಒಂದು ಸಿಗಾರ್. ಅಜ್ಜ ಕಣ್ಣು ಮುಚ್ಚಿ ಮೂಸಿ ಹೇಳಬೇಕು. ತೇಗ ಎಣ್ಣೆ ನಾರಿತು. ಬೀಟೆ ಕಲ್ಲಿನಂತೆ ಗಟ್ಟಿ, ತೇವವನ್ನೇ ಕುಡಿಯಲಿಲ್ಲ. ಹಲಸು ಹಳದಿ ಬಣ್ಣ ಬಿಟ್ಟಿತು. ಸಿಲ್ವರ್ ಓಕಿಗೆ ಬೂಷ್ಟು ಹಿಡಿಯಿತು. ಕೊನೆಗೆ ಅಜ್ಜ ಬಹಳ ಹೊತ್ತು ಮೂಗು ಇಟ್ಟದ್ದು ನೊಗೆಯ ಬಾಟಲಿಗೆ. ಗುಡ್ಡ ಜಾರಿದ ವರ್ಷ ಮನೆಯ ಹಿಂದೆ ಉರುಳಿದ್ದ ನೊಗೆ ಮರದ ಹಲಗೆಗಳು ಅಟ್ಟದಲ್ಲಿ ಒಣಗಿ ಕೂತಿದ್ದವು. ಕೆಂಪು ಮರ, ಹಗುರ, ಸಣ್ಣ ಸಿಹಿ ವಾಸನೆ, ಹುಳ ಹತ್ತಿರ ಬರುವುದಿಲ್ಲ. ಮಳೆಗಾಲದಲ್ಲಿ ತೇವ ಕುಡಿದು ಬೇಸಿಗೆಯಲ್ಲಿ ತಾನೇ ಬಿಟ್ಟುಕೊಡುತ್ತದೆ.

ದೀಕ್ಷಿತ್ ನಕ್ಕಿದ್ದ. ಲೋಕವೆಲ್ಲ ಸಿಗಾರಿಗೆ ಸ್ಪ್ಯಾನಿಷ್ ಸೀಡರ್ ಹಾಕುವಾಗ ಇವಳದ್ದೊಂದು ಕಾಡು ಮರ ಎಂದು. ಅವನು ಮಂಗಳೂರಿನ ವ್ಯಾಪಾರಿಯಿಂದ ಆ ಹಲಗೆಯನ್ನೇ ತರಿಸಿದ. ದೊಡ್ಡಮ್ಮನನ್ನು ಕೇಳಿದರೆ ಎರಡೂ ಒಂದೇ ಕುಟುಂಬದ ಮರಗಳು, ದೂರದ ದಾಯಾದಿಗಳು ಎನ್ನುತ್ತಿದ್ದರು.

ಅಜ್ಜ ತೀರ್ಮಾನ ಕೊಟ್ಟಿದ್ದರು. ಒಂದೇ ಕಂತೆಯ ಸಿಗಾರುಗಳು, ಎರಡು ಪೆಟ್ಟಿಗೆಗಳು. ಮಳೆ ಹಿಡಿಯುವ ಮೊದಲು ತುಂಬಿಸಿ ಅವರ ಕೋಣೆಯಲ್ಲಿಡುವುದು. ಹುತ್ತರಿ ಕಳೆದು ತೆರೆಯುವುದು. ಯಾರದ್ದು ಚೆನ್ನಾಗಿ ಹಣ್ಣಾಗಿರುತ್ತದೋ ಅವರಿಗೆ ಹಳೆಯ ಪಲ್ಪಿಂಗ್ ಮನೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಮನೆ ಈಗ ಖಾಲಿ ಬಿದ್ದಿದೆ. ದೀಕ್ಷಿತನಿಗೆ ಅದು ಗೋಡೌನ್. ಶ್ವೇತಳಿಗೆ ಅದೊಂದೇ ದಾರಿ. ಅಲ್ಲಿ ಸಿಗಾರ್ ಪೆಟ್ಟಿಗೆ ಮಾಡುವ ಕೆಲಸ ಶುರುವಾದರೆ ಅವಳು ಇಲ್ಲಿ ಉಳಿಯುತ್ತಾಳೆ. ಇಲ್ಲದಿದ್ದರೆ ಅವಳ ಅಮ್ಮ ಪೊನ್ನಮ್ಮ ನೋಡಿಟ್ಟಿರುವ ಬ್ಯಾಂಕಿನ ಹುಡುಗನ ಜೊತೆ ಅವನ ವರ್ಗಾವಣೆ ಆದಲ್ಲಿಗೆಲ್ಲ ಹೋಗುತ್ತಾಳೆ.

ದೀಕ್ಷಿತನ ಪೆಟ್ಟಿಗೆಯನ್ನು ಮೊದಲು ತೆರೆದಿದ್ದರು. ಅಜ್ಜ ಒಂದು ಹಚ್ಚಿ ಎರಡು ದಮ್ಮು ಎಳೆದು “ಪರವಾಗಿಲ್ಲ” ಎಂದಿದ್ದರು. ಆಮೇಲೆ ಶ್ವೇತಳದ್ದು.

“ಕಾಡು ಮರ ಅಂದರೆ ಅಷ್ಟೇ ಅಜ್ಜ,” ಎಂದ ದೀಕ್ಷಿತ್. “ನಾನು ಮೊದಲೇ ಹೇಳಿದ್ದೆ.”

ಶ್ವೇತಳ ಅಪ್ಪ ತೀರ್ಥಪ್ರಸಾದ್ ಮಗಳ ಹತ್ತಿರ ಬಂದು ಭುಜ ತಟ್ಟಿದರು. “ಹೋಗಲಿ ಬಿಡು ಮಗಳೇ. ನಮ್ಮ ಮರಕ್ಕೆ ಯೋಗ್ಯತೆ ಇರುವುದೇ ಅಷ್ಟು.”

ಶ್ವೇತ ಅಪ್ಪನ ಕಡೆ ನೋಡಲಿಲ್ಲ. ದೊಡ್ಡಮ್ಮನ ಕಡೆ ತಿರುಗಿದಳು. “ಮೇಡಂ, ನೊಗೆಗೆ ಧೂಪದ ವಾಸನೆ ಎಲ್ಲಿಂದ ಬರ್ತದೆ?”

“ಬರಲ್ಲ.”

“ಹಾಗಾದರೆ ಅಜ್ಜನಿಗೆ ಹೇಳಿ.”

“ಹೇಳಿದ್ರೆ ಸಾಲ್ದು ಕಣಮ್ಮ,” ಎಂದರು ದೊಡ್ಡಮ್ಮ. “ತೋರಿಸ್ಬೇಕು.”

ಅಜ್ಜ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದಕೈ ಗೊಂಚಲನ್ನು ಮುಟ್ಟಿ ನೋಡಿಕೊಂಡರು. ಕೊಟ್ಟ ಮಾತು ಮಾತೇ. ಮಧ್ಯಾಹ್ನದ ಊಟದವರೆಗೆ ಟೀಚರು ನೋಡಲಿ. ಎಲೆ ಎತ್ತಿದ ಮೇಲೆ ಪಲ್ಪಿಂಗ್ ಮನೆಯ ಬೀಗದಕೈ ದೀಕ್ಷಿತನಿಗೆ ಎಂದರು.

ದೊಡ್ಡಮ್ಮ ಪೆಟ್ಟಿಗೆಯನ್ನು ಜಗಲಿಯ ಬಿಸಿಲಿಗೆ ಎಳೆದುಕೊಂಡರು. ನಾವೆಲ್ಲ ಸುತ್ತ ನಿಂತೆವು. ಮೇಲಿನ ಸಾಲಿನ ಸಿಗಾರ್ ಮೂಸಿದರು. ಕೆಳಗಿನ ಸಾಲಿನದ್ದು ಮೂಸಿದರು. ಮುಚ್ಚಳದ ಒಳಮೈಗೆ ಮೂಗು ಇಟ್ಟರು.

“ಮೇಲೆ ಕಮ್ಮಿ. ಕೆಳಗೆ ಜಾಸ್ತಿ,” ಎಂದರು. ಸಿಗಾರುಗಳನ್ನೆಲ್ಲ ಒಂದು ಮೊರಕ್ಕೆ ತೆಗೆದಿಟ್ಟು, ತಳದ ಹಲಗೆಯ ಅಂಚಿಗೆ ಉಗುರು ಹಾಕಿ ಎತ್ತಿದರು. ಹಲಗೆ ಸಲೀಸಾಗಿ ಎದ್ದು ಬಂತು.

ಅಡಿಯಲ್ಲಿ ಪುಡಿ. ಕಪ್ಪು, ಹಳದಿ, ಸಕ್ಕರೆ ಹರಳಿನಂತೆ ಮಿನುಗುವ ಪುಡಿ.

“ಧೂಪ,” ಎಂದರು ಪೊನ್ನಮ್ಮ, ಅಡುಗೆಮನೆ ಬಾಗಿಲಿನಿಂದ. ಹೇಳಿದ ಮೇಲೆ ತಾನೇ ಯಾಕೆ ಹೇಳಿದೆನೋ ಎಂಬಂತೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

ಅಲ್ಲಿಗೆ ಒಂದು ಮಾತು ಮುಗಿಯಿತು. ತಪ್ಪು ಮರದ್ದಲ್ಲ. ಯಾರೋ ಹಲಗೆ ಎತ್ತಿ ಧೂಪ ಸುರಿದು ಮತ್ತೆ ಕೂರಿಸಿದ್ದಾರೆ. ಶ್ವೇತ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ದೊಡ್ಡಮ್ಮ ಹಲಗೆಯನ್ನು ತಿರುಗಿಸಿ ನೋಡುತ್ತಿದ್ದರು. ಅದರ ಒಂದು ಅಂಚಿನ ಉದ್ದಕ್ಕೂ ಕಪ್ಪು ಗೆರೆ.

“ಬೂಷ್ಟು,” ಎಂದ ದೀಕ್ಷಿತ್. “ನೊಗೆಗೆ ಬೂಷ್ಟು ಬರುವುದಿಲ್ಲ ಅಂತ ದೊಡ್ಡದಾಗಿ ಹೇಳ್ತಿದ್ದಳು.”

ಶ್ವೇತಳೂ ಬಗ್ಗಿ ನೋಡಿದಳು. ನಮ್ಮ ಕಡೆ ಮರದ ಮೇಲೆ ಕಪ್ಪು ಕಂಡರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಮಳೆಗಾಲ ಕಳೆದ ಮೇಲೆ ಚಪ್ಪಲಿ, ಕುರ್ಚಿ, ದೇವರ ಪಟ, ಮದುವೆ ಆಲ್ಬಮ್ ಎಲ್ಲದರ ಮೇಲೂ ಅದೇ. ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಡುತ್ತೇವೆ, ಅಷ್ಟೇ. ದೊಡ್ಡಮ್ಮ ಮಾತ್ರ ಆ ಗೆರೆಯ ಮೇಲೆ ಹೆಬ್ಬೆರಳು ಎಳೆದರು. ಬೆರಳನ್ನು ಮೂಸಿದರು. ಕರ್ಚೀಫಿನಲ್ಲಿ ಒರೆಸಿ, ಮಡಚಿ ಬ್ಯಾಗಿಗೆ ಹಾಕಿಕೊಂಡರು.

ಮೊದಲು ಅವರು ಹೋದದ್ದು ಅಡುಗೆಮನೆಗೆ. ನಾನು ಹಿಂದೆ. ಒಲೆಯ ಮೇಲೆ ಹುತ್ತರಿ ಗೆಣಸು ಬೇಯುತ್ತಿತ್ತು. ಮಾಂಸ ತಿನ್ನದ ನಮಗಾಗಿ ಬೇರೆಯೇ ಪಾತ್ರೆ ಇಟ್ಟಿದ್ದರು. ಧೂಪದ ಡಬ್ಬಿ ಕಿಟಕಿಯ ದಂಡೆ ಮೇಲಿತ್ತು.

“ನನ್ನ ಡಬ್ಬಿಯದ್ದೇ ಇರಬಹುದು ಟೀಚರೇ,” ಎಂದರು ಪೊನ್ನಮ್ಮ. “ಮಳೆಗಾಲ ಪೂರ್ತಿ ಸಂಜೆ ಹೊಗೆ ಹಾಕ್ತೇನೆ. ಡಬ್ಬಿ ಇಲ್ಲೇ ಇರ್ತದೆ. ಯಾರ ಕೈಗೆ ಬೇಕಾದರೂ ಸಿಗ್ತದೆ.”

“ನಿಮ್ಗೆ ಮಗಳ ಮದುವೆ ಬೇಗ ಆಗ್ಬೇಕು. ಅಲ್ವಾ?”

“ಆಗಬೇಕು. ಅದಕ್ಕೆ ಅವಳ ಪೆಟ್ಟಿಗೆಗೆ ಧೂಪ ಹಾಕಬೇಕಾ?” ಪೊನ್ನಮ್ಮ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿದರು. “ಹುಡುಗನ ಮನೆಯವರು ಬಂದಾಗ ನಾನು ಹೊಗಳಿದ್ದೇ ಆ ಪೆಟ್ಟಿಗೆ ತೋರಿಸಿ. ಅಡುಗೆ ಬರುವುದಿಲ್ಲ, ಆದರೆ ಮೂಲೆ ಕೂಡಿಸಲಿಕ್ಕೆ ಬರ್ತದೆ ಅಂತ.”

“ಬಾಗಿಲು, ಡ್ರಾಯರು ಮಳೇಲಿ ಬಿಗಿಯಾದ್ರೆ ಏನು ಮಾಡ್ತೀರ?”

“ಮೇಣದಬತ್ತಿ ತಿಕ್ಕುವುದು. ಇಲ್ಲದಿದ್ದರೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಯಾಕೆ ಟೀಚರೇ?”

ದೊಡ್ಡಮ್ಮ ಗೆಣಸು ಬೆಂದಿದೆಯಾ ಎಂದು ಕೇಳಿದರು.

ದೀಕ್ಷಿತ್ ಕಾಫಿ ಒಣಗಿಸುವ ಕಣದಲ್ಲಿ ಫೋನ್ ಹಿಡಿದು ಓಡಾಡುತ್ತಿದ್ದ. ಮರದ ಲಾರಿಯನ್ನು ಮಧ್ಯಾಹ್ನ ಕಳಿಸಬೇಕೋ ಬೇಡವೋ ಎಂದು ಯಾರೋ ಕೇಳುತ್ತಿದ್ದಂತಿತ್ತು. ನಮ್ಮನ್ನು ಕಂಡು ಫೋನ್ ಜೇಬಿಗೆ ಹಾಕಿದ.

“ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ,” ಎಂದ. “ನೋಡಲಿ. ಹೊಟ್ಟೆಕಿಚ್ಚು ಇತ್ತು ಮೇಡಂ, ಸುಳ್ಳು ಯಾಕೆ ಹೇಳಲಿ? ನನ್ನ ಅಂಗಡಿ ಶುರುವಾದ ದಿನ ಅಜ್ಜನಿಗೆ ಕಾಲು ನೋವು. ಇವಳ ಜಾಮ್ ಬಾಟಲಿ ಮೂಸಲಿಕ್ಕೆ ಮಾತ್ರ ಹಾಸಿಗೆಯಿಂದ ಎದ್ದು ಬಂದರು.”

ನಾನು ಕಣದಲ್ಲಿ ಹರಡಿದ್ದ ಕಾಫಿ ಹಣ್ಣನ್ನು ನೋಡುತ್ತಾ ನಿಂತೆ. ಆ ಮಾತನ್ನು ಇಷ್ಟು ಸುಲಭವಾಗಿ ಬಾಯಿ ಬಿಟ್ಟು ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ.

“ಮಳೆಗಾಲದಲ್ಲಿ ಇಲ್ಲಿಗೆ ಯಾವಾಗ ಬಂದಿದ್ದಿ?”

“ಕೈಲ್ ಮುಹೂರ್ತದ ಕೋವಿ ಪೂಜೆಗೆ ಮಾತ್ರ. ಬೆಳಿಗ್ಗೆ ಬಂದು ಸಂಜೆ ಹೋದೆ.”

“ಅವಳ ಪೆಟ್ಟಿಗೆ ಮುಟ್ಟಿದ್ಯಾ?”

“ಮುಟ್ಟಿದೆ.”

ದೊಡ್ಡಮ್ಮ ಕಾದರು.

“ಪೂಜೆಗೆ ಮೊದಲು ಅಜ್ಜನ ಕೋಣೆಗೆ ಹೋಗಿ ಮುಚ್ಚಳ ತೆಗೆದು ನೋಡಿದೆ. ಹಲಗೆ ಹೇಗೆ ಕೂರಿಸಿದ್ದಾಳೆ ಅಂತ ತಳದ್ದನ್ನು ಎಳೆದೆ. ಬರಲಿಲ್ಲ. ಮಳೆಗೆ ಉಬ್ಬಿ ಅಂಟು ಹಾಕಿದ ಹಾಗೆ ಕಚ್ಚಿಕೊಂಡಿತ್ತು. ನನ್ನ ಉಗುರೇ ಸೀಳಿತು. ಅಷ್ಟೇ.”

“ವಾಸನೆ?”

“ಒಳ್ಳೆ ವಾಸನೆ ಇತ್ತು,” ಎಂದ ದೀಕ್ಷಿತ್ ಬೇಸರದಿಂದ. “ಅದಕ್ಕೇ ಇನ್ನಷ್ಟು ಉರಿಯಿತು.”

ಅವನ ಮಾತನ್ನು ನಂಬುವುದು ಹೇಗೆ? ವಾಪಸು ಬರುವಾಗ ನಾನು ಅದನ್ನೇ ಕೇಳಿದೆ. ಸುಳ್ಳು ಹೇಳುವವನು ಹಲಗೆ ಮುಟ್ಟಲೇ ಇಲ್ಲ ಅನ್ನುತ್ತಿದ್ದ, ಮುಟ್ಟಿದೆ ಆದರೆ ಬರಲಿಲ್ಲ ಅನ್ನುತ್ತಿರಲಿಲ್ಲ ಎಂದರು ದೊಡ್ಡಮ್ಮ. ಆಮೇಲೆ ತಮಗೆ ತಾವೇ ಎಂಬಂತೆ, ಇವತ್ತು ಅದೇ ಹಲಗೆ ನನ್ನ ಉಗುರಿಗೆ ಬಂತಲ್ಲ ಎಂದರು.

“ಈಗ ಒಣ ಹವೆ. ಮರ ಕುಗ್ಗಿದೆ,” ಎಂದೆ.

“ಹೂಂ. ಅದನ್ನ ಮನಸ್ಸಲ್ಲಿಟ್ಕೊ.”

ತೀರ್ಥಪ್ರಸಾದ್ ಒಳಕೋಣೆಯಲ್ಲಿದ್ದರು. ದೊಡ್ಡಮ್ಮ ಕೋವಿ ನೋಡಬಹುದಾ ಎಂದು ಕೇಳಿದಾಗ ಅವರಿಗೆ ಆಶ್ಚರ್ಯವಾಯಿತು. ಹಿಂದಿನ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಹಾರಿಸಿದ ಗುಂಡಿನ ಸದ್ದಿಗೆ ಹೆದರಿ ನಾನು ದೊಡ್ಡಮ್ಮನ ತೋಳು ಹಿಡಿದಿದ್ದೆ. ಅದನ್ನೇ ನೆಪ ಮಾಡಿ, ನಮ್ಮ ಹುಡುಗಿಗೆ ಹತ್ತಿರದಿಂದ ತೋರಿಸಿ ಎಂದರು ದೊಡ್ಡಮ್ಮ. ತೀರ್ಥಪ್ರಸಾದ್ ಜೇಬಿನಿಂದ ಕೀ ತೆಗೆದು ಕಪಾಟು ತೆರೆದರು. ಆ ಕೀ ತಮ್ಮ ಜೇಬು ಬಿಟ್ಟು ಹೋಗುವುದಿಲ್ಲ, ಲೈಸೆನ್ಸಿನ ವಿಷಯ ನೋಡಿ ಎಂದರು.

ಕೋವಿ. ಸಣ್ಣ ಸೀಸೆಯಲ್ಲಿ ಕೋವಿಗೆ ಹಾಕುವ ಎಣ್ಣೆ. ಮಡಚಿದ ಹಳೆಯ ಬಟ್ಟೆ. ಕೆಳಗಿನ ಅರೆಯಲ್ಲಿ ಗುಂಡಿನ ತೋಟೆ ತುಂಬಿದ ಒಂದು ಪೆಟ್ಟಿಗೆ.

“ನಿನ್ನೆ ಹಾರಿಸಿದ್ದು ಯಾರು?”

“ದೀಕ್ಷಿತ್. ಇನ್ನೂ ಒರೆಸಲಿಲ್ಲ. ಪುರುಸೊತ್ತು ಎಲ್ಲಿ?”

ದೊಡ್ಡಮ್ಮ ಬಗ್ಗಿ ಕಪಾಟಿನೊಳಗಿನ ವಾಸನೆಯನ್ನು ಸುಮ್ಮನೆ ಒಮ್ಮೆ ಎಳೆದುಕೊಂಡರು. ಆಮೇಲೆ ತೋಟೆಯ ಪೆಟ್ಟಿಗೆಯನ್ನು ನೋಡಿದರು. ತೇಗದ ಪೆಟ್ಟಿಗೆ. ನಾಲ್ಕು ಮೂಲೆಯಲ್ಲೂ ಹಲ್ಲಿಗೆ ಹಲ್ಲು ಕೂತಿತ್ತು. ಕೂದಲು ತೂರುವಷ್ಟೂ ಸಂದಿಲ್ಲ.

“ಇದು ಯಾರ ಕೈಕೆಲಸ?”

“ನಂದೇ. ಹುಡುಗನಾಗಿದ್ದಾಗ.”

“ಬಹಳ ಚೆನ್ನಾಗಿದೆ.”

“ತೋಟೆ ಇಡಲಿಕ್ಕೆ ಸಾಕು,” ಎಂದರು ತೀರ್ಥಪ್ರಸಾದ್.

“ಕೈಲ್ ಮುಹೂರ್ತದ ದಿನ ಶ್ವೇತ ತೆಂಗಿನಕಾಯಿಗೆ ಗುರಿ ಇಟ್ಟಳಂತೆ.”

“ಹೌದು. ಮೊದಲ ಗುಂಡಿಗೇ ಬಿತ್ತು.” ಅವರು ನಕ್ಕರು. ಕಪಾಟಿಗೆ ಬೀಗ ಹಾಕುತ್ತಾ, ಬೆನ್ನು ತಿರುಗಿಸಿಯೇ ಸೇರಿಸಿದರು: “ಹೊಡೆದದ್ದು ಅವಳು. ಒರೆಸಿ ಇಟ್ಟದ್ದು ನಾನು.”

ಹೊರಗೆ ಬಂದ ಮೇಲೂ ಆ ನಗು ನನ್ನ ಕಿವಿಯಲ್ಲಿತ್ತು. ನನಗೆ ಅದು ಗುರುತಿನ ನಗು. ಶ್ವೇತಳಿಗೆ ಮೊದಲ ಬಹುಮಾನ ಬಂದ ದಿನ ವೇದಿಕೆಯ ಕೆಳಗೆ ಅವಳ ಬ್ಯಾಗು, ಛತ್ರಿ ಹಿಡಿದು ನಿಂತಾಗ ನಾನು ಹಾಗೇ ನಕ್ಕಿದ್ದೆ.

“ದೊಡ್ಡಮ್ಮ, ಒಂದು ಫೋಟೋ ಇದೆ,” ಎಂದೆ.

ಅವರು ಕೈ ಚಾಚಿದರು. ಶ್ವೇತ ಕೈಲ್ ಮುಹೂರ್ತದ ದಿನ ಸ್ಟೇಟಸ್ಸಿಗೆ ಹಾಕಿದ್ದ ಫೋಟೋ. ನಾನು ಅದನ್ನು ಉಳಿಸಿಕೊಂಡಿದ್ದೆ. ಯಾಕೆ ಎಂದು ಅವರು ಕೇಳಲಿಲ್ಲ. ಅಂಗಳ, ಜಿನುಗು ಮಳೆ. ಕೋವಿ ಹಿಡಿದ ಶ್ವೇತ. ಅವಳ ತಲೆಯ ಮೇಲೆ ಅಜ್ಜನ ಕೈ. ಪೊನ್ನಮ್ಮ, ದೀಕ್ಷಿತ್, ನೆಂಟರು ಎಲ್ಲರೂ ಮರದ ಬುಡದಲ್ಲಿ ಒಡೆದು ಬಿದ್ದ ಕಾಯಿಯನ್ನು ನೋಡುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಒಬ್ಬರು ಮಾತ್ರ ಕಾಯಿಯನ್ನು ನೋಡುತ್ತಿಲ್ಲ.

“ಇವರು ಏನು ನೋಡ್ತಿದ್ದಾರೆ?” ಎಂದರು ದೊಡ್ಡಮ್ಮ.

“ಅಜ್ಜನ ಕೈ.”

ದೊಡ್ಡಮ್ಮ ಫೋಟೋ ಹಿಗ್ಗಿಸಿದರು. ಬಹಳ ಹೊತ್ತು ನೋಡಿದರು. ಫೋನ್ ವಾಪಸು ಕೊಡುವಾಗ ನನ್ನ ಮುಖವನ್ನೂ ಒಮ್ಮೆ ನೋಡಿದರು. “ಇದು ನನ್ನ ಕಣ್ಣಿಗೆ ಬೀಳ್ತಿರ್ಲಿಲ್ಲ,” ಎಂದರು.

ಊಟಕ್ಕೆ ಎಲೆ ಹಾಕುವ ಮೊದಲು ಎಲ್ಲರೂ ಜಗಲಿಗೆ ಬಂದರು. ಅಜ್ಜ ಬೆತ್ತದ ಕುರ್ಚಿಯಲ್ಲಿ. ಮೇಜಿನ ಮೇಲೆ ನೊಗೆಯ ಪೆಟ್ಟಿಗೆ, ಪಕ್ಕದಲ್ಲಿ ತಳದ ಹಲಗೆ. ದೀಕ್ಷಿತ್ ಗಡಿಯಾರ ನೋಡಿಕೊಂಡ. ದೊಡ್ಡಮ್ಮ ತರಗತಿಯಲ್ಲಿ ನಿಲ್ಲುತ್ತಿದ್ದಂತೆಯೇ ಒಂದು ಕೈಯನ್ನು ಮೇಜಿಗೆ ಊರಿ ನಿಂತರು.

“ಧೂಪ ಯಾರ ಕೈಗೆ ಬೇಕಾದ್ರೂ ಸಿಗೋದು,” ಎಂದರು. “ಅದ್ರಿಂದ ಯಾರು ಅಂತ ಗೊತ್ತಾಗಲ್ಲ. ಯಾವಾಗ ಅನ್ನೋದನ್ನ ಮೊದ್ಲು ನೋಡೋಣ. ನಿನ್ನೆ ಮೊನ್ನೆ ಸುರಿದಿದ್ರೆ ಸಿಗಾರಿನ ಮೈಗೆ ಇಷ್ಟು ಹಿಡೀತಿರ್ಲಿಲ್ಲ. ಒಳಗಿನ ಎಲೆಗೂ ಇಳಿದಿದೆ ಅಂದ್ರೆ ಬಹಳ ದಿನ ಆಗಿದೆ. ಮಳೆ ಇನ್ನೂ ಇದ್ದಾಗಿನ ಕೆಲಸ.”

“ಮಳೆಯಲ್ಲಿ ಹಲಗೆ ಬರುವುದೇ ಇಲ್ಲ ಅಂತ ನಾನು ಹೇಳಿದೆನಲ್ಲ,” ಎಂದ ದೀಕ್ಷಿತ್.

“ಉಗುರಿಗೆ ಬರಲ್ಲ. ತೆಳು ಚಾಕು ಹಾಕಿ ಮೀಟಿದ್ರೆ ಬರುತ್ತೆ. ಕಷ್ಟ ಇರೋದು ವಾಪಸು ಕೂರಿಸೋದ್ರಲ್ಲಿ. ಉಬ್ಬಿದ ಹಲಗೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತೆ. ಆಗ ಅಂಚಿಗೆ ಏನಾದ್ರೂ ಸವರಬೇಕು. ಈ ಮನೇಲಿ ಮೇಣದಬತ್ತಿ ತಿಕ್ತಾರೆ, ಇಲ್ಲ ಕೊಬ್ಬರಿ ಎಣ್ಣೆ ಹಾಕ್ತಾರೆ. ಇದನ್ನ ಮಾಡಿದವರು ಕೈಗೆ ಸಿಕ್ಕಿದ್ದನ್ನ ಸವರಿದ್ರು.”

ಅವರು ಹಲಗೆ ಎತ್ತಿ ಕಪ್ಪು ಗೆರೆಯನ್ನು ಬೆಳಕಿಗೆ ಹಿಡಿದರು.

“ಬೆಳಿಗ್ಗೆ ನಾವೆಲ್ಲ ಇದನ್ನ ಬೂಷ್ಟು ಅಂದುಕೊಂಡ್ವಿ. ಬೂಷ್ಟು ಚುಕ್ಕಿ ಚುಕ್ಕಿಯಾಗಿ ಹರಡುತ್ತೆ, ಹಲಗೆಯ ಮೈಮೇಲೆ ಬರುತ್ತೆ. ಇದು ಅಂಚಲ್ಲಿ ಮಾತ್ರ ಇದೆ. ಒಂದೇ ಎಳೆತ. ಜಿಡ್ಡಿದೆ. ಮೂಸಿ ನೋಡಿ ಅಜ್ಜ. ಧೂಪ ಬಿಟ್ಟು ಬೇರೆ ಏನು ಬರುತ್ತೆ?”

ಅಜ್ಜ ಹಲಗೆಯನ್ನು ಮೂಗಿಗೆ ಹಿಡಿದರು. ಅವರ ಹುಬ್ಬು ನಿಧಾನವಾಗಿ ಕೂಡಿಕೊಂಡಿತು. “ಕೋವಿ,” ಎಂದರು.

“ಕೋವಿ ಎಣ್ಣೆ. ಜೊತೆಗೆ ಮದ್ದಿನ ಮಸಿ. ಕೋವಿ ಒರೆಸಿದ ಬಟ್ಟೆಯನ್ನೇ ಹಲಗೆ ಅಂಚಿಗೆ ಎಳೆದಿದ್ದಾರೆ. ಮಸಿ ಇರಬೇಕಾದ್ರೆ ಆ ದಿನ ಗುಂಡು ಹಾರಿರಬೇಕು. ಈ ಮನೇಲಿ ಗುಂಡು ಹಾರೋದು ಯಾವಾಗ? ನಿನ್ನೆ ಹಾರಿದೆ. ಆದ್ರೆ ಈಗ ಹಲಗೆ ಸಡಿಲ. ಸವರೋ ಕೆಲಸವೇ ಇಲ್ಲ. ನಿನ್ನೆಯ ಕೋವಿಯನ್ನ ಇನ್ನೂ ಯಾರೂ ಒರೆಸಿಯೂ ಇಲ್ಲ. ಮಳೆಯೂ ಇದ್ದು ಗುಂಡೂ ಹಾರಿದ್ದು ಒಂದೇ ದಿನ.”

“ಕೈಲ್ ಮುಹೂರ್ತ,” ಎಂದಳು ಶ್ವೇತ. ಅವಳ ದನಿ ಇಳಿದಿತ್ತು. ಅವಳು ಮುಂದಿನದ್ದನ್ನು ನನಗಿಂತ ಬೇಗ ಲೆಕ್ಕ ಹಾಕಿದ್ದಳು. ಯಾವಾಗಲೂ ಹಾಗೇ.

“ಆವತ್ತು ದೇವರ ಕೋಣೆಯಿಂದ ಕೋವಿ ತೆಗೆದು ಅಜ್ಜ ಯಾರ ಕೈಗೆ ಕೊಡಬೇಕಿತ್ತು?” ದೊಡ್ಡಮ್ಮ ಮೃದುವಾಗಿ ಕೇಳಿದರು. “ಪ್ರತಿವರ್ಷ ಯಾರ ಕೈಗೆ ಕೊಡ್ತಿದ್ರು?”

ಪೊನ್ನಮ್ಮ ಗಂಡನ ಕಡೆ ನೋಡಿದರು.

“ಈ ವರ್ಷ ಮೊಮ್ಮಗಳ ಕೈಗೆ ಕೊಟ್ರು. ಅವಳು ಕಾಯಿ ಬೀಳಿಸಿದ್ಲು. ಅವಳು ಹೊಡೆದ ಕೋವಿಯನ್ನ ಒರೆಸಿಟ್ಟದ್ದು ತಾನು ಅಂತ ತೀರ್ಥಪ್ರಸಾದರೇ ನನಗೆ ಹೇಳಿದ್ರು. ಕಪಾಟಿನ ಕೀ ಅವರ ಜೇಬು ಬಿಟ್ಟು ಹೋಗಲ್ಲ. ಆ ಬಟ್ಟೆ ಆವತ್ತು ಬೇರೆ ಯಾರ ಕೈಯಲ್ಲೂ ಇರ್ಲಿಲ್ಲ.”

ತೀರ್ಥಪ್ರಸಾದ್ ಗೋಡೆಗೆ ಒರಗಿ ನಿಂತಿದ್ದರು. ವಾದ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ.

“ಎಲ್ಲರೂ ಅಂಗಳದಲ್ಲಿ ಊಟ ಮಾಡ್ತಿದ್ದರು,” ಎಂದರು. “ಅಪ್ಪನ ಕೋಣೆಯಲ್ಲಿ ಕೂತು ಕೋವಿ ಒರೆಸ್ತಿದ್ದೆ. ಆ ಪೆಟ್ಟಿಗೆ ಎದುರಿಗೇ ಇತ್ತು. ಹೋಗಿ ಧೂಪದ ಡಬ್ಬಿ ತಂದೆ.”

“ಅಪ್ಪ,” ಎಂದಳು ಶ್ವೇತ. ಅಷ್ಟೇ.

ಅವರು ಮಗಳಿಗೆ ಉತ್ತರಿಸಲಿಲ್ಲ. ಮಾತೆಲ್ಲ ಬೆತ್ತದ ಕುರ್ಚಿಯ ಕಡೆಗೇ ಹೋಯಿತು. ತಾನು ಹುಡುಗನಾಗಿದ್ದಾಗ ಒಂದು ಮಳೆಗಾಲ ಪೂರ್ತಿ ಕೂತು ಅಪ್ಪನಿಗೆಂದು ಚುಟ್ಟದ ಪೆಟ್ಟಿಗೆ ಮಾಡಿದ್ದು. ಬೆರಳು ಕೊಯ್ದುಕೊಂಡದ್ದು. ಹಬ್ಬದ ದಿನ ತಂದು ಕೈಗೆ ಕೊಟ್ಟದ್ದು. ಹೇಳುತ್ತಾ ಹೇಳುತ್ತಾ ಅವರ ದನಿ ಹುಡುಗನದ್ದೇ ಆಗಿಬಿಟ್ಟಿತು.

“ನೀವು ಒಮ್ಮೆ ಮೂಸಿದಿರಿ. ತೋಟೆ ಇಡಲಿಕ್ಕೆ ಆಗ್ತದೆ ಅಂದಿರಿ. ಅಷ್ಟೇ. ಇವಳು ಮರದ ಚೂರು ತಂದರೆ ಕಣ್ಣು ಮುಚ್ಚಿ ಮೂಸ್ತೀರಿ. ತಲೆ ಸವರ್ತೀರಿ. ಆವತ್ತು ತೋಟೆ ತೆಗೆದುಕೊಡು ಅಂತ ನನಗೆ ಹೇಳಿದಿರಿ ಅಪ್ಪ. ನನ್ನ ಪೆಟ್ಟಿಗೆಯಿಂದ ತೋಟೆ ತೆಗೆದು ನಾನೇ ಇವಳ ಕೈಗೆ ಕೊಟ್ಟೆ.”

ದೀಕ್ಷಿತ್ ತಲೆ ತಗ್ಗಿಸಿಕೊಂಡ. ಪೊನ್ನಮ್ಮ ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆಯನ್ನು ಸುಮ್ಮನೆ ಸದ್ದು ಮಾಡಿ ಇಳಿಸಿದರು.

ಅಜ್ಜ ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿದರು. ಅದರಿಂದ ಒಂದನ್ನು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಶ್ವೇತಳ ಕಡೆ ಚಾಚಿದರು. ಮೊರದಲ್ಲಿದ್ದ ಸಿಗಾರುಗಳು ಹಾಳಾದವು. ಆದರೆ ಕೈಲ್ ಮುಹೂರ್ತದ ಬೆಳಿಗ್ಗೆ ಅವು ಹೇಗಿದ್ದವು ಎಂಬುದಕ್ಕೆ ದೀಕ್ಷಿತನೇ ಸಾಕ್ಷಿ ಎಂದರು. ಹೌದಾ ಎಂದು ಅವನನ್ನು ಕೇಳಿದರು. ಅವನು ಹೌದು ಎಂದ. ಫೋನ್ ತೆಗೆದು, ಲಾರಿ ಬೇಡ ಎಂದು ಹೇಳಲು ಅಂಗಳಕ್ಕಿಳಿದ.

ಆಮೇಲೆ ಅಜ್ಜ ಮಗನ ಕಡೆ ತಿರುಗಿದರು. “ಆ ತೋಟೆ ಪೆಟ್ಟಿಗೆ ತಾ,” ಎಂದರು.

ತೀರ್ಥಪ್ರಸಾದ್ ತಂದರು. ಅಜ್ಜ ಅದನ್ನು ಮಡಿಲಲ್ಲಿಟ್ಟುಕೊಂಡು ನಾಲ್ಕು ಮೂಲೆಗೂ ಹೆಬ್ಬೆರಳು ಆಡಿಸಿದರು. ನಮ್ಮೆದುರು ಆಡುತ್ತಿದ್ದ ಕನ್ನಡ ಬಿಟ್ಟು ಮನೆಮಾತಿಗೆ ಇಳಿದರು.

“ಪೆಟ್ಟಿಗೆ ಲಾಯ್ಕ್ ಉಟ್ಟು, ಮಗ. ಅಂದೂ ಲಾಯ್ಕ್ ಇತ್ತ್. ಮರ ತಪ್ಪಿತ್ತ್, ಅಷ್ಟೆ.”

“ಅಂದೇ ಹೇಳ್ಬೊದಿತ್ತಲ್ಲ ಅಪ್ಪ.”

ಅಜ್ಜ ಮತ್ತೆ ಅದೇ ಮೂಲೆಗಳಿಗೆ ಹೆಬ್ಬೆರಳು ಆಡಿಸಿದರು.

ಶ್ವೇತ ಅಜ್ಜನ ಮಡಿಲಿನಿಂದ ಪೆಟ್ಟಿಗೆ ಎತ್ತಿಕೊಂಡಳು. ತೋಟೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ನಿಲ್ಲಿಸಿದಳು. ಖಾಲಿಯಾದ ಪೆಟ್ಟಿಗೆಯೊಳಗೆ ಗೇಣು ಹಾಕಿ ಉದ್ದ ಅಳೆದಳು, ಅಗಲ ಅಳೆದಳು. ಅಪ್ಪನ ಮುಖ ಮಾತ್ರ ನೋಡಲಿಲ್ಲ.

“ಅಟ್ಟದಲ್ಲಿ ನೊಗೆ ಹಲಗೆ ಉಳಿದಿದೆ,” ಎಂದಳು. “ಇದರ ಒಳಗೆ ಹಾಕಿದರೆ ತೇಗದ ವಾಸನೆ ಚುಟ್ಟಕ್ಕೆ ತಾಗುವುದಿಲ್ಲ. ಹಲಗೆ ನಾನೇ ಕೂರಿಸ್ತೇನೆ. ನೀವು ಮುಟ್ಟಬೇಡಿ.”

ತೀರ್ಥಪ್ರಸಾದ್ ತಲೆಯಾಡಿಸಿದರು. ಪೊನ್ನಮ್ಮ ಎಲೆ ಹಾಕಿದ್ದೇನೆ ಬನ್ನಿ ಎಂದು ಕರೆದರು. ಯಾರೂ ಅಲುಗಲಿಲ್ಲ. ಎಲ್ಲರ ಕಣ್ಣೂ ಆ ತೇಗದ ಪೆಟ್ಟಿಗೆಯ ಮೇಲೆ, ಅದರೊಳಗೆ ಓಡಾಡುತ್ತಿದ್ದ ಶ್ವೇತಳ ಬೆರಳುಗಳ ಮೇಲೆ.

ನಾನು ಪೆಟ್ಟಿಗೆಯನ್ನು ನೋಡುತ್ತಿರಲಿಲ್ಲ. ದೊಡ್ಡಮ್ಮ ಶ್ವೇತಳನ್ನು ಹೇಗೆ ನೋಡುತ್ತಿದ್ದಾರೆ ಎಂದು ನೋಡುತ್ತಿದ್ದೆ.